ಬಾಗಿಲ ಒಳಗೆ ನಿಂತವಳು

ಲಿಲ್ಲೆವಿಕ್, ಫಿನ್‌ಮಾರ್ಕ್, ಉತ್ತರ ನಾರ್ವೆ
೪ ಫೆಬ್ರವರಿ ೨೦೧೪

ಮಗಳೇ ಇಂಗ್ವಿಲ್,

ಈ ಕಥೆಯನ್ನು ಮೊದಲು ಬಾಯಿಬಿಟ್ಟು ಹೇಳಿದವನು ನಮ್ಮಣ್ಣ ಅಸ್ಲಾಕ್. ೧೯೭೧ರ ಮಾರ್ಚ್ ತಿಂಗಳು, ಗಾಳಗಳಿಗೆ ಎರೆ ಸಿಕ್ಕಿಸುವ ಶೆಡ್ಡಿನಲ್ಲಿ. ಹೊರಗೆ ಬಿರುಗಾಳಿ, ದೋಣಿ ಇಳಿಸುವ ಹಾಗಿರಲಿಲ್ಲ. ಒಲೆಯ ಸುತ್ತ ಐದಾರು ಗಂಡಸರು, ಮೂಲೆಯಲ್ಲಿ ನಾನು, ಎಲ್ಲರ ಕೈಗೂ ಮೀನಿನ ಜಿಡ್ಡು. ಅಸ್ಲಾಕ್ ತಲೆ ಎತ್ತದೆ, ಬೇರೆ ಯಾರದೋ ಮನೆಯ ಸುದ್ದಿ ಹೇಳುವವನ ಹಾಗೆ ಮೊದಲಿನಿಂದ ಕೊನೆಯವರೆಗೆ ಹೇಳಿ ಮುಗಿಸಿದ. ಮರುದಿನ ಬೆಳಿಗ್ಗೆ ಗಾಳಿ ನಿಂತಿತ್ತು. ಕೇಳಿದವರೆಲ್ಲ ದೋಣಿ ಹತ್ತಿ ಸಮುದ್ರಕ್ಕೆ ಹೋದರು. ನಮ್ಮೂರಿನಲ್ಲಿ ಕಥೆ ಕೇಳಿದ ಮೇಲೆ ಜನ ಮಾಡುವುದು ಅಷ್ಟೇ.

ಈಗ ನಿನಗೆ ನಾನು ಹೇಳಬೇಕಾಗಿದೆ. ನಿಮ್ಮಮ್ಮ ಆನ್ನೆಯನ್ನು ಮಣ್ಣು ಮಾಡಿದ ದಿನ ನೀನು ನನ್ನ ಕೈ ಕುಲುಕಿದ್ದೆ, ನೆನಪಿದೆಯೋ ಇಲ್ಲವೋ. ನಾನು ಅವಳ ಅಕ್ಕ, ನಿನಗೆ ದೊಡ್ಡಮ್ಮ. ಫೋನಿನಲ್ಲಿ ನನಗೆ ಏನೂ ಕೇಳಿಸುವುದಿಲ್ಲ, ಅದಕ್ಕೇ ಕಾಗದ. ಹೆನ್ನಿಂಗ್ ಎಂಬ ಹುಡುಗ ಎರಡು ಬೇಸಿಗೆ ನನ್ನ ಅಟ್ಟದ ಕೋಣೆಯಲ್ಲಿದ್ದು, ಈ ಕಥೆ ಕೇಳಿ, ಅದನ್ನು ಕಿರುಚಿತ್ರ ಮಾಡಿದ್ದಾನಲ್ಲ, ಅದು ಈಗ ಓಸ್ಲೋದ ಚಿತ್ರನಿಧಿಯ ಕಚೇರಿಯಲ್ಲಿ ನಿನ್ನ ಮೇಜಿಗೆ ಬಂದಿದೆಯಂತೆ. ಚಿತ್ರದಲ್ಲಿ ಯಾರನ್ನು ಹೇಗೆ ತೋರಿಸಿದ್ದಾರೆ ಎಂದು ತೂಗಿ ನೋಡುವವಳು ನೀನಂತೆ. ಕೇಳಿ ಹಿಗ್ಗಿದೆ.

೧೯೫೦ರ ಚಳಿಗಾಲ. ಯುದ್ಧದಲ್ಲಿ ಸುಟ್ಟ ಊರು ಇನ್ನೂ ಪೂರ್ತಿ ಎದ್ದಿರಲಿಲ್ಲ. ವಸತಿ ಶಾಲೆ ಹಲಗೆಯ ಬ್ಯಾರಕ್ಕಿನಲ್ಲಿತ್ತು. ಅಲ್ಲಿ ನಾರ್ವೆ ಭಾಷೆಯನ್ನೇ ಆಡಬೇಕು. ಈ ನೆಲದ ಮೂಲದವರಾದ ನಮ್ಮ ಸಾಮಿ ಜನರ ಮಾತು ಬಾಯಿ ತಪ್ಪಿ ಬಂದರೆ ಹೊರಗೆ ನಿಲ್ಲಬೇಕು, ಒಳಗೆ ಬಿಡಿ ಎಂದು ನಾರ್ವೆ ಭಾಷೆಯಲ್ಲಿ ಕೇಳುವವರೆಗೆ. ರಿಸ್ಟೆನ್ ಎಂಬ ಏಳು ವರ್ಷದ ಹುಡುಗಿ ಆ ವರ್ಷವೇ ಸೇರಿದ್ದಳು. ಹೌದು, ಇಲ್ಲ ಬಿಟ್ಟರೆ ಅವಳಿಗೆ ಆ ಭಾಷೆಯ ಒಂದಕ್ಷರ ಬಾರದು. ಒಂದು ದಿನ ಊಟದ ಹೊತ್ತಿಗೆ ಅವಳನ್ನು ಹೊರಗೆ ನಿಲ್ಲಿಸಿದರು. ಅವಳು ಬಾಗಿಲು ಬಡಿದು ನಮ್ಮ ಮಾತಿನಲ್ಲಿ ಕೂಗುತ್ತಿದ್ದಳು: "ಬಾಗ್ಲು ತೆಗೀರಿ, ಚಳಿ ಆಗ್ತಿದೆ, ಕಾಲು ಗೊತ್ತಾಗ್ತಿಲ್ಲ." ಒಳಗೆ ಚಿಲಕದ ಮೇಲೆ ಕೈ ಇಟ್ಟುಕೊಂಡು ವಾರ್ಡನ್ನಮ್ಮ ನಾರ್ವೆ ಭಾಷೆಯಲ್ಲಿ ಹೇಳುತ್ತಿದ್ದಳು: "ನಂಗೆ ಅರ್ಥ ಆಗ್ತಿಲ್ಲ. ಸರಿಯಾಗಿ ಕೇಳು."

ಹಜಾರದಲ್ಲಿ ತಟ್ಟೆ ಹಿಡಿದು ಕೂತ ನಮಗೆಲ್ಲ ಗೊತ್ತಿತ್ತು, ವಾರ್ಡನ್ನಮ್ಮನಿಗೆ ಅರ್ಥವಾಗುತ್ತಿದೆ ಎಂದು. ನನಗಂತೂ ಚೆನ್ನಾಗಿ ಗೊತ್ತಿತ್ತು. ಆ ದಿನ ಬೆಳಿಗ್ಗೆಯೇ ಅವಳು ಅದೇ ಸಾಮಿ ಮಾತಿನಲ್ಲಿ ನನಗೆ ಜಡೆ ಹಾಕುತ್ತಾ ಬೈದಿದ್ದಳು. ಆ ವಾರ್ಡನ್ನಮ್ಮ ಎಲೆನ್, ನಮ್ಮಮ್ಮ. ನಿನ್ನ ಅಜ್ಜಿ.

ಅಡುಗೆಯ ಬೊರ್ಗಿಲ್ಡ್ ದಕ್ಷಿಣದಿಂದ ಬಂದ ನಾರ್ವೆಯವಳು. ಇಪ್ಪತ್ತೆರಡರ ಹುಡುಗಿ, ಸಾಮಿ ಮಾತು ಒಂದೂ ಬಾರದು. ಅವಳು ಹಿಂಬಾಗಿಲಿನಿಂದ ಓಡಿ ಹೋಗಿ, ಮಗುವನ್ನು ತನ್ನ ಕೆಂಪು ಪಟ್ಟೆಯ ಶಾಲಿನಲ್ಲಿ ಸುತ್ತಿ ಎತ್ತಿಕೊಂಡು ಬಂದಳು. ತಡವಾಗಿತ್ತು. ರಿಸ್ಟೆನ್ ಆ ತಿಂಗಳೇ ಎದೆಗೆ ಕಫ ಕಟ್ಟಿ ತೀರಿಕೊಂಡಳು. ಅಸ್ಲಾಕ್ ಕಥೆ ಮುಗಿಸಿದ್ದು ಹೀಗೆ: "ಅರ್ಥ ಆಗದೋಳು ಬಾಗ್ಲು ತೆಗೆದ್ಲು. ಅರ್ಥ ಆದೋಳು ತೆಗೀಲಿಲ್ಲ."

ರಿಸ್ಟೆನಳ ಅಕ್ಕ ಬೆರಿತ್ ನನ್ನ ಪಕ್ಕದ ಮನೆಯವಳು. ನಡುವೆ ಬೇಲಿಯೂ ಇಲ್ಲ. ಅಂದಿನಿಂದ ಇಂದಿನವರೆಗೆ ಅವಳು ನಮ್ಮ ಮನೆಯಲ್ಲಿ ಕಾಫಿ ಕುಡಿದಿಲ್ಲ. ನಮ್ಮ ಕಡೆ ಕಾಫಿ ಬೇಡ ಎನ್ನುವುದು ಮನೆಯ ಹೊಸ್ತಿಲಿಗೆ ಉಗಿದ ಹಾಗೆ, ನಿನಗೆ ಗೊತ್ತಿರಲಾರದು. ಅವಳದು ತಪ್ಪು ಎನ್ನುತ್ತಿಲ್ಲ. ಅಮ್ಮ ಸಾಯುವವರೆಗೆ ಆ ಮಾತನ್ನು ಎತ್ತಲಿಲ್ಲ, ನಾವೂ ಎತ್ತಲಿಲ್ಲ. ನಮ್ಮ ಮನೆಯವರು ಒಪ್ಪಿಕೊಂಡರು ಎಂದು ಬೆರಿತ್ ಒಮ್ಮೆ ಕಾಣಬೇಕು. ನನಗೆ ಎಪ್ಪತ್ತಮೂರು, ಅವಳು ನನಗಿಂತ ದೊಡ್ಡವಳು. ಇಬ್ಬರಲ್ಲಿ ಒಬ್ಬರು ಹೋದರೆ ಮುಗಿಯಿತು.

ಚಿತ್ರದಲ್ಲಿ ವಾರ್ಡನ್ನಮ್ಮ ಮಗಳ ತಲೆ ಬಾಚುತ್ತಾ ನಮ್ಮ ಮಾತು ಆಡುವ ದೃಶ್ಯವಿದೆ. ಅದೊಂದನ್ನು ಕಾಯಿ, ಮಗಳೇ. ಅದಿಲ್ಲದಿದ್ದರೆ ಕಥೆಯೇ ಇಲ್ಲ.

ನಿನ್ನ ದೊಡ್ಡಮ್ಮ,
ರಾವ್ನಾ


ಓಸ್ಲೋ
೧೯ ಫೆಬ್ರವರಿ ೨೦೧೪

ಪ್ರೀತಿಯ ದೊಡ್ಡಮ್ಮ,

ನಿಮ್ಮ ಕಾಗದ ಮೂರು ಸಲ ಓದಿದೆ. ಕಚೇರಿಯ ಕೆಲಸದ ಬಗ್ಗೆ ನಾನು ಹೊರಗಿನವರಿಗೆ ಬರೆಯಬಾರದು, ಆದರೆ ನೀವು ಹೊರಗಿನವರಲ್ಲವಲ್ಲ.

ಚಿತ್ರ ಇನ್ನೂ ಅಂತಿಮವಾಗಿಲ್ಲ, ನಾನು ನೋಡಿದ್ದು ಕರಡು ಪ್ರತಿ. ಚೆನ್ನಾಗಿದೆ. ನಾನು ಪರಿಶೀಲಿಸುವುದು ಏನನ್ನು ಎಂದರೆ, ತೆರೆಯ ಮೇಲೆ ಯಾರು ಕಾಣುತ್ತಾರೆ, ಯಾರಿಗೆ ಮಾತು ಇದೆ, ಕೇಡು ಮಾಡುವವರು ಯಾವ ಸಮುದಾಯದವರು, ಕಾಪಾಡುವವರು ಯಾವ ಸಮುದಾಯದವರು, ನೋಡುವ ಮಗುವಿಗೆ ತನ್ನವರ ಬಗ್ಗೆ ಏನನ್ನಿಸುತ್ತದೆ. ನಾವು ಒಪ್ಪಿದರೆ ಈ ಚಿತ್ರ ದೇಶದ ಶಾಲೆಗಳಿಗೆಲ್ಲ ಹೋಗುತ್ತದೆ. ಹಳೆಯ ಕಾಲದ ಕಥೆಗಳಲ್ಲಿ ಇದು ಇನ್ನೂ ಸೂಕ್ಷ್ಮ. ನಮ್ಮವರನ್ನು ನೂರು ವರ್ಷ ಬೇರೆಯವರು ತಮಗೆ ಬೇಕಾದಂತೆ ತೋರಿಸಿದ್ದಾರೆ. ಅದನ್ನು ತಡೆಯಲೆಂದೇ ನಾನು ಈ ಕೆಲಸಕ್ಕೆ ಸೇರಿದ್ದು.

ಅಮ್ಮ ನನಗೆ ಹೇಳಿದ್ದು "ಅಜ್ಜಿ ಶಾಲೇಲಿ ಕೆಲಸ ಮಾಡ್ತಿದ್ರು" ಅಂತ ಇಷ್ಟೇ. ಅಜ್ಜಿಯ ಫೋಟೋ ನನ್ನ ಮೇಜಿನ ಮೇಲಿದೆ, ನೀಲಿ ಸಾಮಿ ಉಡುಪಿನಲ್ಲಿ, ಬೆಳ್ಳಿಯ ಪದಕ ಹಾಕಿಕೊಂಡಿರುವುದು. ಬಂದವರೆಲ್ಲ ನೋಡುತ್ತಾರೆ. ನಮ್ಮ ಮುಖ್ಯಸ್ಥೆ ವಿಬೆಕೆ ಅಂತೂ ಯಾರೇ ಬಂದರೂ ಅದನ್ನು ತೋರಿಸಿ "ಇವಳ ಬೇರು ನೋಡಿ" ಎನ್ನುತ್ತಾಳೆ.

ಒಂದು ಪ್ರಶ್ನೆ. ವಾರ್ಡನ್ ಅಜ್ಜಿಯೇ ಎಂದು ಹೆನ್ನಿಂಗ್‌ಗೆ ಗೊತ್ತೇ? ಊರಿನಲ್ಲಿ ಇನ್ನು ಯಾರಿಗೆ ಗೊತ್ತು?

ನಿಮ್ಮ,
ಇಂಗ್ವಿಲ್


ಲಿಲ್ಲೆವಿಕ್
೩ ಮಾರ್ಚ್ ೨೦೧೪

ಮಗಳೇ,

ಗೊತ್ತಿದ್ದವರಲ್ಲಿ ಮುಕ್ಕಾಲು ಪಾಲು ಚರ್ಚಿನ ಹಿಂದೆ ಮಲಗಿದ್ದಾರೆ. ಉಳಿದವರು ನಾನು, ಬೆರಿತ್, ಬೊರ್ಗಿಲ್ಡ್. ಹೆನ್ನಿಂಗ್‌ಗೆ ವಾರ್ಡನ್ ನಮ್ಮವಳು ಎಂದು ಹೇಳಿದ್ದೇನೆ, ನನ್ನ ಅಮ್ಮ ಎಂದು ಹೇಳಿಲ್ಲ. ಹುಡುಗನ ಕೈ ನಡುಗಬಾರದು ಎಂದು ಹಾಗೆ ಮಾಡಿದೆ. ಚಿತ್ರ ತೋರಿಸುವ ದಿನ ಎದ್ದು ನಿಂತು ನಾನೇ ಹೇಳುತ್ತೇನೆ. ಅಜ್ಜಿಯ ಬಗ್ಗೆ ತಿಳಿದುಕೊಳ್ಳುವ ಆಸೆ ನಿನಗೆ ಹುಟ್ಟಿದ್ದು ನೋಡಿ ಸಂತೋಷವಾಯಿತು.

ಆ ನೀಲಿ ಉಡುಪಿನ ಸಂಗತಿ ಕೇಳಿ ನಕ್ಕು ಸಾಕಾಯಿತು. ಅದು ಅವಳದಲ್ಲ! ಅರವತ್ತೆರಡರಲ್ಲಿ ಒಳನಾಡಿನ ಸಂತೆಗೆ ಹೋಗಿದ್ದಾಗ ಫೋಟೋ ತೆಗೆಯುವವನು ಅಂಗಡಿಯಲ್ಲಿ ನೇತು ಹಾಕಿದ್ದ ಉಡುಪು ಅದು. ಬೆಳ್ಳಿಯೂ ಅವನದೇ. ನಾವು ಕಡಲ ತೀರದವರು ಅದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು, ನಾಚಿಕೆಗೆ. ಶಾಲೆಯಲ್ಲಿ ನಾವೆಲ್ಲ ಬೂದು ಉಣ್ಣೆಯ ಸ್ವೆಟರ್. ನೋಡಿದರೆ ಸಾಮಿ ಎಂದು ಯಾರೂ ಹೇಳುವ ಹಾಗಿಲ್ಲ. ನಿನ್ನ ಲೆಕ್ಕಕ್ಕೆ ನಾವು ಯಾರೂ ಸಿಗಲಿಕ್ಕಿಲ್ಲ, ನೋಡು!

ಹೋದ ವಾರ ಅಂಗಡಿಯಲ್ಲಿ ಬೆರಿತ್ ಸಿಕ್ಕಳು. ನಾನೇ ಬಾಯಿ ತೆಗೆದೆ.

"ಬೆರಿತ್, ಶರತ್ಕಾಲದಲ್ಲಿ ಊರ ಭವನದಲ್ಲಿ ಚಿತ್ರ ತೋರಿಸ್ತಾರೆ. ರಿಸ್ಟೆನ್‌ದು."

ಅವಳು ಆಲೂಗಡ್ಡೆ ಆರಿಸುತ್ತಿದ್ದಳು. "ರಿಸ್ಟೆನ್‌ದಾ, ನಿಮ್ಮಮ್ಮಂದಾ?"

"ಇಬ್ಬರ್ದೂ ಕಣೇ."

"ಹಂಗಾದ್ರೆ ನೋಡ್ತೀನಿ," ಎಂದು ಕೊಳೆತ ಆಲೂಗಡ್ಡೆಯೊಂದನ್ನು ನನ್ನ ಬುಟ್ಟಿಗೆ ಹಾಕಿ ಹೋದಳು. ಇಷ್ಟು ವರ್ಷಗಳಲ್ಲಿ ಅವಳು ನನಗೆ ಕೊಟ್ಟ ಮೊದಲ ವಸ್ತು ಅದು. ಬಿಸಾಡಿಲ್ಲ.

ಬೊರ್ಗಿಲ್ಡಳನ್ನು ನೋಡಲು ವೃದ್ಧರ ಮನೆಗೆ ಹೋಗಿದ್ದೆ. ಇಲ್ಲಿನ ಮೀನುಗಾರನನ್ನೇ ಮದುವೆಯಾಗಿ, ಊರ ಮಕ್ಕಳಿಗೆಲ್ಲ ಬ್ರೆಡ್ಡು ಸುಟ್ಟು ಹಂಚಿದವಳು, ಈಗ ಊಟ ಮಾಡಿದ್ದೇ ಮರೆಯುತ್ತಾಳೆ. ಹೆನ್ನಿಂಗ್ ಚಿತ್ರಕ್ಕೆಂದು ಅವಳ ಅದೇ ಕೆಂಪು ಪಟ್ಟೆಯ ಶಾಲು ಎರವಲು ಕೊಂಡು ಹೋಗಿದ್ದಾನೆ. ನನ್ನ ಕಂಡರೆ ಅದೊಂದೇ ಕೇಳುತ್ತಾಳೆ. "ರಾವ್ನಾ, ನನ್ನ ಶಾಲು ಎಲ್ಲೇ? ಮಾರ್ಕೊಂಡು ಬಿಟ್ಯಾ?"

"ನಿನ್ನ ಶಾಲು ಸಿನಿಮಾ ಸೇರಿದೆ ಕಣೇ, ಇನ್ನು ನಮ್ಮಂಥೋರ ಜೊತೆ ಮಾತಾಡಲ್ಲ," ಎಂದೆ. ಹಲ್ಲಿಲ್ಲದ ಬಾಯಿ ತೆಗೆದು ನಕ್ಕಳು.

ದೊಡ್ಡಮ್ಮ


ಓಸ್ಲೋ
೨೮ ಏಪ್ರಿಲ್ ೨೦೧೪

ಪ್ರೀತಿಯ ದೊಡ್ಡಮ್ಮ,

ತಡವಾಯಿತು, ಕ್ಷಮಿಸಿ. ಕೆಲಸ ಹೆಚ್ಚಿತ್ತು.

ಚಿತ್ರದ ಪರಿಶೀಲನೆ ಮುಗಿಯಿತು. ಸಭೆ ಸುಲಭವಾಗಿರಲಿಲ್ಲ. ವಿಬೆಕೆ ನೇರವಾಗಿಯೇ ಕೇಳಿದಳು: "ಸಾಮಿ ಹೆಂಗಸು ಸಾಮಿ ಮಗೂನ ಸಾಯೋಕೆ ಬಿಡ್ತಾಳೆ, ನಾರ್ವೆಯವಳು ಓಡಿ ಬಂದು ಎತ್ಕೊಳ್ತಾಳೆ. ಇದನ್ನ ನಾವು ಶಾಲೆ ಮಕ್ಕಳಿಗೆ ತೋರ್ಸೋದಾ? ಕಾನೂನು ಮಾಡಿದ್ದು ನಾವು, ಕೈ ಮಾತ್ರ ಅವರದು ಅಂತ ತೋರ್ಸಿದ್ರೆ ನಮಗೆ ಎಷ್ಟು ಹಿತವಾಗಿರುತ್ತೆ, ಅಲ್ವಾ?" ಅವಳು ಕೆಟ್ಟವಳಲ್ಲ, ದೊಡ್ಡಮ್ಮ. ಅವಳ ಮಾತಿನಲ್ಲಿ ನ್ಯಾಯವಿದೆ. ಇಂಥ ಚಿತ್ರ ನೋಡಿ ಜನ "ಅವರನ್ನು ಹಾಳು ಮಾಡಿದ್ದು ಅವರೇ" ಎಂದು ಕೈ ತೊಳೆದುಕೊಳ್ಳುವುದನ್ನು ನಾನು ಕಂಡಿದ್ದೇನೆ.

ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. "ನೀನೇ ಆ ಕಡೆಯವಳು, ನೀನು ಹೇಳು" ಎಂದರು. ನಾನು ಹೇಳಬೇಕಾದ್ದನ್ನು ಹೇಳಿದೆ. ಒಪ್ಪಿದರು. ಹೆನ್ನಿಂಗ್ ಕೂಡ ಒಪ್ಪಿದ್ದಾನೆ. ಚಿತ್ರ ನಾಲ್ಕು ನಿಮಿಷ ಚಿಕ್ಕದಾಗಿದೆ, ಬಿಗಿಯಾಗಿದೆ. ಶಾಲೆಗಳಿಗೆ ಹೋಗುತ್ತದೆ.

ಅಜ್ಜಿಯ ಬಗ್ಗೆ ನೀವು ಚಿಂತಿಸಬೇಡಿ.

ಇಂಗ್ವಿಲ್


ಲಿಲ್ಲೆವಿಕ್
೨೦ ಮೇ ೨೦೧೪

ನನ್ನ ಬಂಗಾರದ ಮಗಳೇ,

ನಿನ್ನ ಕಾಗದ ಬಂದ ದಿನ ಹಿಮ ಕರಗಿ ಅಂಗಳದ ನೆಲ ಕಂಡಿತು. ಎರಡೂ ಒಂದೇ ದಿನ.

ಅಷ್ಟು ಜನ ಓದಿದವರ ನಡುವೆ ಎದ್ದು ನಿಂತು ಹೇಳಬೇಕಾದ್ದನ್ನು ಹೇಳಿದೆಯಲ್ಲ. ನಮ್ಮ ಮನೆಯಲ್ಲಿ ಒಬ್ಬಳಾದರೂ ಬಾಯಿ ತೆರೆದಳು. ನಾನು ತಟ್ಟೆ ಹಿಡಿದು ಕೂತಿದ್ದೆ, ನಿಮ್ಮಮ್ಮ ದೂರ ಓಡಿ ಹೋದಳು, ಅಸ್ಲಾಕ್ ಮೀನಿಗೆ ಹೇಳಿದ ಹಾಗೆ ಹೇಳಿ ಸುಮ್ಮನಾದ. ನೀನು ಓಸ್ಲೋದಲ್ಲಿ ಕೂತು ಹೇಳಿದೆ. ಆ ವಿಬೆಕೆಗೆ ನನ್ನ ಕಡೆಯಿಂದ ಹೇಳು: ಕಾನೂನು ಅವರದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಅವರ ಕಾನೂನು ಮಾಡಿದ ದೊಡ್ಡ ಪಾಪವೆಂದರೆ ನಮ್ಮಮ್ಮನನ್ನು ಆ ಬಾಗಿಲ ಒಳಗೆ ನಿಲ್ಲಿಸಿದ್ದು. ಅದನ್ನು ಬಿಟ್ಟರೆ ಉಳಿಯುವುದು ಬರೀ ಚಳಿ.

ನಾಲ್ಕು ನಿಮಿಷ ಚಿಕ್ಕದಾದರೆ ಒಳ್ಳೆಯದೇ. ಹೆನ್ನಿಂಗ್‌ಗೆ ಸಮುದ್ರ ತೋರಿಸುವ ಚಟ. ಅಲೆ ನೋಡಲು ನಮಗೆ ಸಿನಿಮಾ ಬೇಕೇ!

ಬೆರಿತ್ ಮೊನ್ನೆ ತಾನಾಗಿಯೇ ಅಂಗಳದ ಅಂಚಿಗೆ ಬಂದು ನಿಂತಳು. "ಏನೇ, ಆ ಚಿತ್ರದಲ್ಲಿ ನಿಮ್ಮಮ್ಮ ಇದ್ದಾಳಾ ಇಲ್ವಾ? ಖಂಡಿತ ಹೇಳು. ಇಲ್ದೆ ಇದ್ರೆ ಈ ವಯಸ್ಸಲ್ಲಿ ನಾನ್ಯಾಕೆ ಮಂಡಿ ನೋಯ್ಸ್ಕೊಂಡು ಬರ್ಲಿ?"

"ಇದ್ದಾಳೆ ಬೆರಿತ್. ನನ್ನ ತಂಗಿ ಮಗಳು ನೋಡಿದ್ದಾಳೆ. ಅವಳೇ ನಿಂತು ಉಳಿಸಿದ್ದಾಳೆ."

"ಚಿತ್ರ ಆದ್ಮೇಲೆ ನಿನ್ನ ಕಾಫಿ ಕುಡಿದ್ರೆ ಕುಡಿದೆ," ಎಂದಳು. "ತೆಳ್ಳಗೆ ಮಾಡ್ಬೇಡ."

ಹೊಸ ಕೆಟಲ್ ತಂದಿದ್ದೇನೆ. ಅಕ್ಟೋಬರ್ ಐದರ ಭಾನುವಾರ ಪ್ರದರ್ಶನ. ನೀನು ಬರಬೇಕು. ನಿನಗೆ ಅಟ್ಟದ ಕೋಣೆ. ಇದರ ಜೊತೆ ಒಣಮೀನು ಕಳಿಸಿದ್ದೇನೆ, ಸುತ್ತಿಗೆಯಲ್ಲಿ ಚೆನ್ನಾಗಿ ಜಜ್ಜಿ ತಿನ್ನು.

ದೊಡ್ಡಮ್ಮ


ಓಸ್ಲೋ
೧೧ ಸೆಪ್ಟೆಂಬರ್ ೨೦೧೪

ಪ್ರೀತಿಯ ದೊಡ್ಡಮ್ಮ,

ಮೀನು ತಲುಪಿತ್ತು. ಆಗಲೇ ಬರೆಯಬೇಕಿತ್ತು. ಎರಡು ಸಲ ಬರೆಯಲು ಕೂತು ಎದ್ದೆ.

ನೀವು ಚಿತ್ರ ನೋಡುವ ಮೊದಲು ಒಂದು ಮಾತು ಹೇಳಬೇಕು. ಚಿತ್ರವೆಂದರೆ ನಡೆದದ್ದರ ಸಾಕ್ಷಿಯಲ್ಲ. ಅದು ಒಂದು ಊರಿನದಲ್ಲ, ಒಂದು ಮನೆಯದಲ್ಲ, ಅಂಥ ಎಲ್ಲ ಶಾಲೆಗಳದ್ದು. ಬೇರೆ ಬೇರೆ ಊರಿನ ಮಕ್ಕಳು ಅದರಲ್ಲಿ ತಮ್ಮನ್ನು ಕಾಣಬೇಕು. ಇದನ್ನು ನೀವು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ ಒಳ್ಳೆಯದು.

ಆ ದಿನ ನನಗೆ ಬರಲು ಆಗುವುದಿಲ್ಲ. ಬೇರೆ ಸಭೆಯಿದೆ. ಚಿತ್ರದ ಪೋಸ್ಟರ್ ಕಳಿಸಿದ್ದೇನೆ.

ಅಜ್ಜಿಯ ಫೋಟೋ ಈಗಲೂ ನನ್ನ ಮೇಜಿನ ಮೇಲಿದೆ. ನೀವು ಹೇಳಿದ ಉಡುಪಿನ ವಿಷಯ ನಾನು ಇಲ್ಲಿ ಯಾರಿಗೂ ಹೇಳಿಲ್ಲ.

ಇಂಗ್ವಿಲ್


ಲಿಲ್ಲೆವಿಕ್
೬ ಅಕ್ಟೋಬರ್ ೨೦೧೪

ಚಿತ್ರನಿಧಿಯ ಪರಿಶೀಲಕರಾದ ಇಂಗ್ವಿಲ್ ಅವರಿಗೆ,

ನೀವು ಬರಲಿಲ್ಲ. ನೋಡಿದವರು ಏನು ಮಾಡಿದರು ಎಂದು ನಾನೇ ಬರೆದು ತಿಳಿಸುತ್ತಿದ್ದೇನೆ. ನಿಮ್ಮ ಪರಿಶೀಲನೆಯಲ್ಲಿ ಅದಕ್ಕೊಂದು ಜಾಗ ಇರಬಹುದು.

ಪೋಸ್ಟರಿನಲ್ಲಿ ರಿಸ್ಟೆನ್ ನೀಲಿ ಉಡುಪು ಹಾಕಿಕೊಂಡು ಹಿಮದಲ್ಲಿ ನಿಂತಿದ್ದಾಳೆ. ಭವನದ ಬಾಗಿಲಲ್ಲಿ ಅದನ್ನು ಅಂಟಿಸಿದ್ದರು. ಬೆರಿತ್ ಅದರ ಮುಂದೆ ನಿಂತು, "ಇದ್ಯಾರ ಮಗು?" ಎಂದಳು. ಒಳಗೆ ಹೋಗಿ ಕೂತೆವು. ನನ್ನ ಅವಳ ನಡುವೆ ಒಂದು ಕುರ್ಚಿ, ಅದರ ಮೇಲೆ ಅವಳ ಕೋಟು. ವೃದ್ಧರ ಮನೆಯವರನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು, ಬೊರ್ಗಿಲ್ಡಳನ್ನೂ.

ದೀಪ ಆರಿತು. ತಲೆ ಬಾಚುವ ದೃಶ್ಯ ಬರಲಿಲ್ಲ. ಮುಂದೆ ಬರಬಹುದು ಎಂದುಕೊಂಡೆ. ವಾರ್ಡನ್ನಮ್ಮ ಬಂದಳು, ಹೋದಳು; ನಾರ್ವೆ ಭಾಷೆ ಬಿಟ್ಟು ಬೇರೆ ಮಾತು ಅವಳ ಬಾಯಿಂದ ಬರಲೇ ಇಲ್ಲ. ಮಗು ಬಾಗಿಲು ಬಡಿಯಿತು. "ನನಗೆ ಅರ್ಥ ಆಗ್ತಿಲ್ಲ" ಎಂದಳು ಅವಳು. ನಮ್ಮಮ್ಮನ ಬಾಯಲ್ಲಿ ಆ ಮಾತು ಸುಳ್ಳಾಗಿತ್ತು, ಇಂಗ್ವಿಲ್ ಅವರೇ. ತೆರೆಯ ಮೇಲಿನ ಹೆಂಗಸಿನ ಬಾಯಲ್ಲಿ ಅದು ನಿಜವಾಗಿಬಿಟ್ಟಿತು. ಅಡುಗೆಯವಳು ಬರಲೇ ಇಲ್ಲ. ಅವಳಿಗೆಂದು ತಂದ ಕೆಂಪು ಪಟ್ಟೆಯ ಶಾಲು ಮಾತ್ರ ಬಾಗಿಲ ಪಕ್ಕದ ಗೂಟದಲ್ಲಿ, ವಾರ್ಡನ್ನಮ್ಮನ ಹೆಗಲ ಹಿಂದೆಯೇ ನೇತಾಡುತ್ತಿತ್ತು. ಯಾರು ತೆಗೆದರೋ, ಬಾಗಿಲು ತೆರೆಯಿತು. ಆಮೇಲೆ ಬಿಳಿ ಹಾಸಿಗೆ. ಮುಗಿಯಿತು.

ಮುಂದಿನ ಸಾಲಿನಿಂದ ಬೊರ್ಗಿಲ್ಡ್ ಗಟ್ಟಿಯಾಗಿ ಹೇಳಿದಳು: "ಅದು ನನ್ನ ಶಾಲು."

ಆ ಶಾಲು ಊರಿಗೆಲ್ಲ ಗೊತ್ತು. ಆ ಶಾಲೆಯಲ್ಲಿ ಇದ್ದ ದಕ್ಷಿಣದ ನಾರ್ವೆ ಹೆಂಗಸು ಅವಳೊಬ್ಬಳೇ ಎಂದೂ ಊರಿಗೆಲ್ಲ ಗೊತ್ತು. ತಲೆಗಳು ಒಂದೊಂದಾಗಿ ಅವಳ ಕಡೆ ತಿರುಗಿದ್ದನ್ನು ನಾನು ನೋಡಿದೆ.

ಹೆನ್ನಿಂಗ್ ನಗುತ್ತಾ ಹೂವು ಹಿಡಿದು ಬಂದ. ಬಾಚುವ ದೃಶ್ಯ ಎಲ್ಲಿ ಎಂದು ಕೇಳಿದೆ. "ನಿಮಗೆ ಗೊತ್ತು ಅಂದ್ಕೊಂಡಿದ್ದೆ. ಇಂಗ್ವಿಲ್ ಬರೆದು ಕೊಟ್ರಲ್ಲ, ವಾರ್ಡನ್ ನಾರ್ವೆಯವಳಾಗ್ಲಿ, ಅಡುಗೆಯವಳು ಬೇಡ ಅಂತ. ನಾನು ತಕರಾರು ಮಾಡಿದೆ. ಆದ್ರೆ ಅವರು ನಿಮ್ಮ ಮನೆಯವರೇ ಅಲ್ವಾ? ನಿಮ್ಮನ್ನ ಕೇಳದೆ ಹೇಳ್ತಾರಾ ಅಂತ ಸುಮ್ಮನಾದೆ."

ನನ್ನ ಮನೆಯವಳು ಎಂದು ಅವನು ಸುಮ್ಮನಾದ. ಆ ಕಡೆಯವಳು ಎಂದು ಕಚೇರಿಯವರು ಸುಮ್ಮನಾದರು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದಿರಿ ನಿಮ್ಮ ಅಜ್ಜಿಯನ್ನು. ಎಲೆನ್ ಬಾಗಿಲ ಒಳಗೆ ಮಾಡಿದ್ದು ಹೆದರಿಕೆಯಿಂದ. ಕೆಲಸ ಹೋದರೆ ಮೂರು ಮಕ್ಕಳಿಗೆ ಕೂಳಿಲ್ಲ ಎಂದು. ನೀವು ಯಾವ ಹೆದರಿಕೆಯಿಂದ ಮಾಡಿದಿರಿ? ಮೇಜಿನ ಮೇಲೆ ಒಂದು ಫೋಟೋ ಇದೆ ಎಂದೇ?

ನಾನು ಎದ್ದು ನಿಂತೆ. ಹೇಳುತ್ತೇನೆ ಎಂದಿದ್ದೆನಲ್ಲ, ಹೇಳಿದೆ: ಅಲ್ಲಿ ನಿಂತಿದ್ದವಳು ನಮ್ಮಮ್ಮ ಎಲೆನ್, ಅವಳಿಗೆ ಎಲ್ಲ ಅರ್ಥವಾಗುತ್ತಿತ್ತು ಎಂದು. ಹೇಳಿ ಮುಗಿಸಿದ ಮೇಲೆ ಗೊತ್ತಾಯಿತು, ಉದ್ವೇಗದಲ್ಲಿ ಎಲ್ಲವನ್ನೂ ಸಾಮಿಯಲ್ಲೇ ಹೇಳಿಬಿಟ್ಟಿದ್ದೆ. ಊರಿನ ಹುಡುಗರಿಗೆ ಆ ಮಾತು ಈಗ ಬಾರದು, ವೃದ್ಧರ ಮನೆಯ ಉಳಿದವರು ಬೇರೆ ಕಡೆಯಿಂದ ಬಂದವರು. ಚಪ್ಪಾಳೆ ತಟ್ಟಿದರು. ಪಂಚಾಯಿತಿ ಅಧ್ಯಕ್ಷ ಕಣ್ಣೊರೆಸಿಕೊಂಡು ನನ್ನನ್ನು ತಬ್ಬಿ ಹೂವು ಕೊಟ್ಟ. ಇಡೀ ಭವನದಲ್ಲಿ ಅರ್ಥವಾದವಳು ಒಬ್ಬಳೇ. ಅವಳು ಕೋಟು ತೆಗೆದುಕೊಂಡು ಎದ್ದು ಹೋದಳು.

ಇನ್ನು ಮರುದಿನ ಬೆಳಿಗ್ಗೆ, ಅಂದರೆ ಇವತ್ತು.

ಅಂಗಡಿಗೆ ಹೋದೆ. ಮೀನಿನ ಕಾರ್ಖಾನೆಯ ಇಬ್ಬರು ಹೆಂಗಸರು ಮಾತಾಡುತ್ತಿದ್ದರು.

"ನೋಡೋಕೆ ಎಷ್ಟು ಸಾಧು, ಅಲ್ವೇನೇ?"

"ಅದಕ್ಕೇ ಇರ್ಬೇಕು ಊರಿಗೆಲ್ಲ ಬ್ರೆಡ್ಡು ಹಂಚ್ತಿದ್ದಿದ್ದು. ಪಾಪ ತೊಳ್ಕೊಳೋಕೆ."

"ಅವಳಲ್ಲ," ಎಂದೆ, ಈ ಸಲ ನಾರ್ವೆ ಭಾಷೆಯಲ್ಲೇ. "ಅವಳು ಎತ್ಕೊಂಡು ಬಂದೋಳು. ನಿಲ್ಸಿದ್ದು ನಮ್ಮಮ್ಮ."

ಒಬ್ಬಳು ನನ್ನ ತೋಳು ಸವರಿದಳು. "ಇರ್ಲಿ ಬಿಡಿ ರಾವ್ನಜ್ಜಿ. ನೀವು ಎಲ್ಲಾರ್ನೂ ಕ್ಷಮಿಸೋರು. ನಮ್ಮ ಕೈಲಿ ಆಗಲ್ಲ."

ವೃದ್ಧರ ಮನೆಗೆ ಹೋದೆ. ತಿಂಡಿಯ ಹೊತ್ತು. ಬೊರ್ಗಿಲ್ಡಳ ಮೇಜಿನಲ್ಲಿ ದಿನವೂ ಐದು ಜನ ಕೂರುತ್ತಿದ್ದರು. ಇವತ್ತು ಅವರೆಲ್ಲ ಕಿಟಕಿಯ ಕಡೆಗೆ ಕುರ್ಚಿ ಎಳೆದುಕೊಂಡಿದ್ದರು. ಅವಳ ಪಕ್ಕದಲ್ಲಿ ಇದ್ದವಳು ಒಬ್ಬಳೇ, ಬೆರಿತ್. ಬೆಳಕು ಹರಿಯುವ ಮೊದಲೇ ನನ್ನ ಮನೆಯ ಮುಂದಿನಿಂದ ಕೋಲೂರಿಕೊಂಡು, ತಿರುಗಿ ನೋಡದೆ ಹೋದವಳು ಅಲ್ಲಿಗೇ ಬಂದಿದ್ದಳು. ಬೊರ್ಗಿಲ್ಡಳ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದಳು.

"ಆ ಮಗೂನ ನಾನು ಹೊರಗೆ ನಿಲ್ಲಿಸ್ದೆ," ಎನ್ನುತ್ತಿದ್ದಳು ಬೊರ್ಗಿಲ್ಡ್. "ನನ್ನ ಶಾಲು ಇತ್ತಲ್ಲ. ನಾನೇ ಇರ್ಬೇಕು."

"ನೀನಲ್ಲ ಕಣೇ. ನೀನು ಎತ್ಕೊಂಡು ಬಂದೋಳು. ನಾನು ನೋಡಿದೀನಿ. ಅವಳು ನನ್ನ ತಂಗಿ."

"ಹೌದಾ?" ಎಂದಳು. ಒಂದು ತುತ್ತು ತಿಂದಳು. ಮತ್ತೆ, "ನಾನೇ ನಿಲ್ಲಿಸ್ದೆ. ದಕ್ಷಿಣದೋಳು ಅಂತ ಇದ್ದಿದ್ದು ನಾನೊಬ್ಳೇ ಅಲ್ವಾ?"

ಪಾಪ ಯಾರದೋ, ಹೆಗಲು ಮುಟ್ಟಿ ನೋಡಿಕೊಂಡವಳು ಇವಳು.

ನಾನು ಬಾಗಿಲಲ್ಲೇ ನಿಂತಿದ್ದೆ. ಬೆರಿತ್ ತಲೆ ಎತ್ತಿ ನಮ್ಮ ಮಾತಿನಲ್ಲಿ ಹೇಳಿದಳು: "ಅಲ್ಲೇನು ಕಂಬದ ಹಾಗೆ ನಿಂತಿದ್ದೀಯ? ಬಾ, ಕೂತ್ಕೊಂಡು ನೀನೂ ಹೇಳು. ನನಗೆ ಬಾಯಿ ನೋಯ್ತಿದೆ."

ಕೂತೆ. ಹೇಳಿದೆ. ಬೊರ್ಗಿಲ್ಡ್ ಕೇಳಿದಳು: "ಹಂಗಾದ್ರೆ ಒಳಗೆ ನಿಂತಿದ್ದೋಳು ಯಾರು?"

ಬೆರಿತ್ ನನ್ನ ಕಡೆ ನೋಡಿದಳು.

"ಎಲೆನ್," ಎಂದೆ. "ನಮ್ಮಮ್ಮ."

ಕಾಫಿ ತಂದ ಸಿಲ್ಯೆ ಎಂಬ ದಾದಿ, ನಮ್ಮೂರಿನ ಹುಡುಗಿಯೇ, ತಟ್ಟನೆ ನಿಂತಳು. "ಅಯ್ಯೋ ಅಜ್ಜಿ, ಸತ್ತವರ ಮೇಲೆ ಹಾಗೆಲ್ಲ ಹೇಳ್ಬೇಡಿ. ನಿನ್ನೆ ಎಲ್ಲರೂ ನೋಡಿದ್ವಲ್ಲ. ನಮ್ಮೋರು ನಮ್ಮ ಮಕ್ಕಳಿಗೆ ಹಾಗೆ ಮಾಡ್ತಾರಾ?" ಬೊರ್ಗಿಲ್ಡಳ ಕಡೆ ಕಣ್ಣು ಹಾಯಿಸದೆ ಮೂರು ಲೋಟಕ್ಕೆ ಕಾಫಿ ಸುರಿದಳು.

ಬೆರಿತ್ ಸಕ್ಕರೆ ಉಂಡೆಯನ್ನು ಹಲ್ಲಿನ ನಡುವೆ ಇಟ್ಟುಕೊಂಡು ಕುಡಿದಳು. ಅದು ನನ್ನ ಕಾಫಿಯಲ್ಲ. ವೃದ್ಧರ ಮನೆಯ ತೆಳು ಕಾಫಿ. ನನ್ನ ಹೊಸ ಕೆಟಲ್ ಮನೆಯಲ್ಲಿ ಹಾಗೇ ಇದೆ.

ಬೊರ್ಗಿಲ್ಡ್ ಲೋಟ ಮುಟ್ಟಲಿಲ್ಲ. ಬಹಳ ಹೊತ್ತು ಹೊರಗಿನ ಬಾಗಿಲನ್ನೇ ನೋಡುತ್ತಿದ್ದು, "ಆ ಮಗು ಇನ್ನೂ ಹೊರಗೇ ಇದ್ಯಾ?" ಎಂದಳು. "ಯಾರಾದ್ರೂ ಬಾಗ್ಲು ತೆಗೀರೇ."

ಬೆರಿತ್ ಕೋಲು ಹುಡುಕಿಕೊಂಡು ಎದ್ದಳು. ಹೋಗಿ ಬಾಗಿಲು ತೆಗೆದು, ಪೂರಾ ಹಿಂದಕ್ಕೆ ತಳ್ಳಿ, ಪಕ್ಕದಲ್ಲಿ ನಿಂತಳು. ಸಮುದ್ರದ ಗಾಳಿ ಒಳಗೆ ನುಗ್ಗಿ ಮೇಜಿನ ಮೇಲಿನ ಕಾಗದದ ಕರವಸ್ತ್ರಗಳು ಹಾರಿದವು. ಕಿಟಕಿಯ ಕಡೆ ಕೂತವರು ಗೊಣಗಿದರು. ಸಿಲ್ಯೆ, "ಚಳಿ ಬರ್ತಿದೆ, ಮುಚ್ಚಿ," ಎಂದು ಕೂಗಿದಳು.

ನಾವು ಮುಚ್ಚಲಿಲ್ಲ.

ರಾವ್ನಾ